ಅಪ್ಪನ ಎಡಮಗ್ಗುಲು

ಮನೆ ಕಟ್ಟುವಾಗ ಆಯ ನೋಡುತ್ತೇವೆ, ವಾಸ್ತು ನೋಡುತ್ತೇವೆ. ಮುಂದೊಂದು ದಿನ ಈ ಮನೆಯಲ್ಲಿ ಯಾರಾದರೂ ಕಾಲು ಬಿದ್ದು ಮಲಗಿದರೆ ಅವರನ್ನು ಈ ಬಾಗಿಲಲ್ಲಿ ಹೇಗೆ ಹಾಯಿಸಬೇಕು ಅಂತ ಮಾತ್ರ ನೋಡುವುದಿಲ್ಲ. ಮರಳೂರಿನ ನಮ್ಮ ಮನೆಯೂ ಹಾಗೇ ಎದ್ದದ್ದು. ಎಪ್ಪತ್ತರ ದಶಕದ ಕೊನೆಗೆ ತುಮಕೂರಿಗೆ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂದಾಗ ಅಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷ ಬಾಡಿಗೆ ಮನೆಯಲ್ಲಿದ್ದು, ಆಮೇಲೆ ಸಾಲಸೋಲ ಮಾಡಿ ಕುಣಿಗಲ್ ರಸ್ತೆ ಕಡೆ ಸೈಟು ತೆಗೆದುಕೊಂಡರು. ಆಗ ಮರಳೂರು ಅಂದರೆ ಊರಾಚೆ. ಕೆರೆ, ಹೊಲ, ಅತ್ತ ಸಿದ್ಧಾರ್ಥ ಇಂಜಿನಿಯರಿಂಗ್ ಕಾಲೇಜು, ಅಷ್ಟೇ. ಮನೆಗೆ ಎತ್ತರದ ಮೂರು ಮೆಟ್ಟಿಲು, ಕೋಣೆಗೊಂದು ಹೊಸ್ತಿಲು, ಹಿಂದುಗಡೆ ಎರಡಡಿ ಬಾಗಿಲಿನ ಬಚ್ಚಲು. 2015ರ ಮಳೆಗಾಲದಲ್ಲಿ ಅಪ್ಪನಿಗೆ ಸ್ಟ್ರೋಕ್ ಆಗಿ ಎಡಭಾಗ ಪೂರ್ತಿ ಬಿದ್ದುಹೋಯಿತು. ಅವರು ಆಸ್ಪತ್ರೆಯಿಂದ ವಾಪಸು ಬರುವ ದಿನ ಆ ಮೂರು ಮೆಟ್ಟಿಲು ಎಷ್ಟು ದೊಡ್ಡವು ಅನ್ನುವುದು ನಮಗೆ ಗೊತ್ತಾಯಿತು.

ಆ ದಿನ ಸಹಾಯಕ್ಕೆ ಜನ ಬೇಕಾದಷ್ಟಿದ್ದರು. ಅಕ್ಕಪಕ್ಕದವರು, ಚಿಕ್ಕಪ್ಪ, ಅವರ ಮಕ್ಕಳು, ಆಂಬುಲೆನ್ಸ್ ಡ್ರೈವರು. ಒಬ್ಬರು ಬಲಗೈ ಹಿಡಿದರು, ಒಬ್ಬರು ಎಡಗೈ, ಇಬ್ಬರು ಕಾಲು. "ಹೂಂ, ಎತ್ರಪ್ಪಾ" ಅಂದರು. ಅಪ್ಪ ನರಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಎಲ್ಲರದ್ದೂ ಪ್ರೀತಿಯೇ, ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಮಾರನೆಯ ದಿನದಿಂದ ಎಡಭುಜದ ನೋವು ಶುರುವಾಯಿತು. ಅದು ತಿಂಗಳುಗಟ್ಟಲೆ ಕಾಡಿತು.

ಅದು ಯಾಕೆ ಅನ್ನುವುದನ್ನು ಬಿಡಿಸಿ ಹೇಳಿದ್ದು ಫಿಸಿಯೋ ಮೇಡಂ. ಪರಿಚಯದ ಡಾಕ್ಟರೊಬ್ಬರು ಹೇಳಿ ಕಳಿಸಿದ್ದರಿಂದ ವಾರಕ್ಕೆ ಕೆಲವು ದಿನ ಸ್ಕೂಟಿಯಲ್ಲಿ ಮನೆಗೇ ಬರುತ್ತಿದ್ದರು. ಅಪ್ಪನ ಅಂಗಿ ಸರಿಸಿ, ಭುಜದ ತುದಿಯಲ್ಲಿ ನನ್ನ ಬೆರಳು ಇಡಿಸಿದರು. ಮೂಳೆಗೂ ತೋಳಿಗೂ ನಡುವೆ ಒಂದು ಬೆರಳು ಕೂರುವಷ್ಟು ಹಳ್ಳ. ತೋಳಿನ ಮೂಳೆಯ ಗುಂಡನ್ನು ಭುಜದ ಗೂಡಿನಲ್ಲಿ ಹಿಡಿದಿಡುವುದು ಬಹುಮಟ್ಟಿಗೆ ಮಾಂಸಖಂಡಗಳೇ. ಸ್ಟ್ರೋಕ್ ಆದ ಮೇಲೆ ಅವು ಸಡಿಲವಾಗುತ್ತವೆ, ಕೈಯ ಭಾರಕ್ಕೆ ಗುಂಡು ಕೆಳಕ್ಕೆ ಜಾರುತ್ತದೆ. ಅಂಥ ಕೈ ಹಿಡಿದು ಎಳೆದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ, ಜಾರಿದ್ದು ಇನ್ನಷ್ಟು ಜಾರುತ್ತದೆ. "ಬಿದ್ದಿರೋ ಕೈ ಹಿಡಿಕೆ ಅಲ್ಲ ಸರ್. ಅದನ್ನ ಹಿಡಿದು ಯಾರನ್ನೂ ಎತ್ತಬಾರದು" ಅಂದರು. ಆಮೇಲೆ ಅಡುಗೆಮನೆಯಲ್ಲಿದ್ದ ಅಮ್ಮನನ್ನೂ ನನ್ನ ಹೆಂಡತಿಯನ್ನೂ ಕರೆದು ಅವರ ಬೆರಳನ್ನೂ ಅಲ್ಲೇ ಇಡಿಸಿದರು.

ಮೇಡಂ ಮೊದಲು ಮಾಡಿದ ಕೆಲಸ ಮಂಚ ಸರಿಸಿದ್ದು. ಗೋಡೆಗೆ ಒತ್ತಿಕೊಂಡಿದ್ದ ಮಂಚ ಕೋಣೆಯ ನಡುವಿಗೆ ಬಂತು, ಎರಡು ಕಡೆಯೂ ಆಳು ನಿಲ್ಲಬೇಕು ಅಂತ. ಮಂಚದ ನಾಲ್ಕು ಕಾಲಿಗೂ ಮರದ ದಿಮ್ಮಿ ಕೊಟ್ಟು, ಹಾಸಿಗೆಯ ಎತ್ತರ ಗಾಲಿಕುರ್ಚಿಯ ಸೀಟಿಗೆ ಸಮ ಮಾಡಿಸಿದರು. ಎಡಗಡೆ ನೋಡುವುದನ್ನೇ ಅಪ್ಪ ಮರೆತಿದ್ದರು. ತಟ್ಟೆಯ ಎಡಭಾಗದ ಮುದ್ದೆ ಹಾಗೇ ಉಳಿಯುತ್ತಿತ್ತು. ಎಡಗೈಯನ್ನು ತೋರಿಸಿ "ಇದು ಯಾರದು?" ಅಂತ ಒಂದು ಸಲ ಕೇಳಿಬಿಟ್ಟರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಹೋದರು. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಲ್ಲಿ ಹೀಗಾಗುತ್ತದೆ, ಬುದ್ಧಿ ಕೆಟ್ಟಿದೆ ಅಂತ ಅರ್ಥವಲ್ಲ ಅಂತ ಮೇಡಂ ಸಮಾಧಾನ ಹೇಳಿ, ಟೀವಿಯನ್ನೂ ಬಂದವರ ಕುರ್ಚಿಯನ್ನೂ ಎಡಗಡೆಗೆ ಹಾಕಿಸಿದರು. ಗಾಲಿಕುರ್ಚಿ ಮಾತ್ರ ಯಾವಾಗಲೂ ಬಲಗಡೆ. ಕೂತ ಮೇಲೆ ಮರೆತ ಎಡಗೈ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳದಂತೆ ತೊಡೆಯ ಮೇಲೊಂದು ದಿಂಬಿಟ್ಟು, ಅದರ ಮೇಲೆ ಕೈ ಇಡಬೇಕು. ಕುರ್ಚಿ ತಳ್ಳುವ ಮುಂಚೆ ಅದನ್ನೇ ಮೊದಲು ನೋಡುವುದು ಮನೆಯ ಮಕ್ಕಳಿಗೂ ರೂಢಿಯಾಯಿತು.

ಅಪ್ಪನನ್ನು ಎಬ್ಬಿಸಿ ಕೂರಿಸುವ ಪಾಠ ಶುರುವಾದ ದಿನ ನಾವೆಲ್ಲ ತೋಳು ಮಡಿಸಿಕೊಂಡು ನಿಂತಿದ್ದೆವು. ಮೇಡಂ ನಮ್ಮನ್ನು ಹಿಂದಕ್ಕೆ ಸರಿಸಿ, ಅಪ್ಪನ ಮುಖದ ಹತ್ತಿರ ಬಗ್ಗಿ ಹೇಳಿದರು: "ಯಜಮಾನ್ರೇ, ನಿಮ್ಮನ್ನ ನಾವು ಯಾರೂ ಎತ್ತಲ್ಲ. ಏಳೋರು ನೀವೇ. ಬೀಳದಂಗೆ ನೋಡ್ಕೊಳೋದು ನಾವು." ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನ ಕಣ್ಣು ಅಷ್ಟು ಚುರುಕಾಗಿ ತಿರುಗಿದ್ದನ್ನು ನಾನು ನೋಡಿದ್ದು ಅವತ್ತೇ.

ಮೊದಲು ಎರಡು ಮೊಣಕಾಲೂ ಮಡಿಸಬೇಕು. ಬಲಗಾಲು ಅವರೇ, ಎಡಗಾಲು ನಾವು. ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು ಎದೆಯ ಮೇಲೆ ತಂದುಕೊಳ್ಳಬೇಕು. ನಾವು ಎಡಭುಜದ ಹಿಂದೆ ಒಂದು ಕೈ, ಸೊಂಟದ ಹಿಂದೆ ಒಂದು ಕೈ ಇಟ್ಟು ಬಲಮಗ್ಗುಲಿಗೆ ಹೊರಳಿಸಬೇಕು. ಬಲಗಾಲನ್ನು ಎಡಗಾಲಿನ ಅಡಿಗೆ ತೂರಿಸಿ, ಎರಡನ್ನೂ ಅವರೇ ಮಂಚದ ಅಂಚಿಗೆ ತಂದು ಇಳಿಬಿಡಬೇಕು. ಕಾಲಿನ ಭಾರ ಕೆಳಗೆ ಇಳಿಯುವಾಗಲೇ ಬಲ ಮೊಣಕೈ ಊರಿ, ಆಮೇಲೆ ಅಂಗೈ ಊರಿ ಮೈ ಮೇಲಕ್ಕೆ ಬರಬೇಕು. ಓದಿದರೆ ಉದ್ದ, ಮಾಡಿದರೆ ಕಾಲು ನಿಮಿಷ. ಮೊದಲ ದಿನ ಮಾತ್ರ ಅಪ್ಪನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಕೂತ ತಕ್ಷಣ ನಿಲ್ಲಿಸಬಾರದು. ತುಂಬಾ ದಿನ ಮಲಗಿದ್ದವರಿಗೆ ಎದ್ದರೆ ಬಿ.ಪಿ. ಕೆಳಗಿಳಿದು ಕಣ್ಣು ಕತ್ತಲೆ ಬರುತ್ತದೆ. ಪಾದ ಎರಡೂ ನೆಲಕ್ಕೆ ತಾಗಿಸಿ ಒಂದೆರಡು ನಿಮಿಷ ಹಾಗೇ ಕೂರಿಸಿ, ಮಾತಾಡಿಸಬೇಕು. "ತಲೆ ತಿರುಗ್ತಿದ್ಯಾ?" ಅಂತ ಮೇಡಂ ಕೇಳಿದರೆ ಅಪ್ಪ "ಇಲ್ಲ, ಮನೆ ತಿರುಗ್ತಿದೆ" ಅನ್ನುತ್ತಿದ್ದರು. ಅದು ನಿಲ್ಲುವವರೆಗೂ ಕಾಯುತ್ತಿದ್ದೆವು.

ಇಷ್ಟರಲ್ಲಿ ಗಾಲಿಕುರ್ಚಿ ಮಂಚಕ್ಕೆ ಓರೆಯಾಗಿ, ಬಲಗಡೆಗೆ ಬಂದಿರಬೇಕು. ಬ್ರೇಕ್ ಎರಡೂ ಹಾಕಿರಬೇಕು. ಕಾಲಿಡುವ ತಟ್ಟೆ ಮಡಿಸಿರಬೇಕು. ಆ ತಟ್ಟೆಗೆ ಎಡವಿ ಬಿದ್ದವರ ಕತೆ ಮೇಡಂ ಹತ್ತಿರ ಬೇಕಾದಷ್ಟಿತ್ತು. ಪ್ಲಾಸ್ಟಿಕ್ ಕುರ್ಚಿಯಂತೂ ಬೇಡವೇ ಬೇಡ, ಅಂಚಿನಲ್ಲಿ ಭಾರ ಬಿದ್ದರೆ ಜಾರುತ್ತದೆ ಅಥವಾ ಮಗುಚುತ್ತದೆ. ಹಿಡಿಯುವವರು ಎದುರಿಗೆ ನಿಂತು, ತಮ್ಮ ಮೊಣಕಾಲನ್ನು ಅಪ್ಪನ ಎಡ ಮೊಣಕಾಲಿಗೆ ಆನಿಸಿ ಹಿಡಿಯಬೇಕು. ಅದು ಮಡಿಚಿಕೊಳ್ಳದಿದ್ದರೆ ಅರ್ಧ ಗೆದ್ದ ಹಾಗೆ. ಹಿಡಿತ ತೋಳಲ್ಲಿ ಅಲ್ಲ, ಸೊಂಟದಲ್ಲಿ. ಇದಕ್ಕೆಂದೇ ಅಗಲದ ಬೆಲ್ಟ್ ಸಿಗುತ್ತದೆ. ನಮಗೆ ಅದನ್ನು ಮಾಡಿಕೊಟ್ಟಿದ್ದು ಸ್ಕೂಲ್ ಬ್ಯಾಗ್ ಹೊಲಿಯುವ ಸಾಹೇಬರು. ಬ್ಯಾಗಿನ ಪಟ್ಟಿಯನ್ನೇ ಎರಡು ಪದರ ಹೊಲಿದು, ಎರಡು ಪಕ್ಕಕ್ಕೂ ಕೈ ತೂರುವಷ್ಟು ದೊಡ್ಡ ಹಿಡಿಕೆ ಇಟ್ಟು, ಮುಂದೆ ಬಕಲ್ ಹಾಕಿಕೊಟ್ಟರು. ಯಾರಿಗೆ, ಏನಕ್ಕೆ ಅಂತ ಗೊತ್ತಾದ ಮೇಲೆ ಹಿಡಿಕೆಯ ಹೊಲಿಗೆಯನ್ನು ಇನ್ನೊಂದು ಸುತ್ತು ಹಾಕಿ, ತಾವೇ ಜಗ್ಗಿ ನೋಡಿ ಕೊಟ್ಟರು. ಕಾಸು ಮಾತ್ರ ತೆಗೆದುಕೊಳ್ಳಲಿಲ್ಲ.

"ಮೂಗು ಪಾದದ ಮುಂದಕ್ಕೆ ಬರ್ಲಿ ಯಜಮಾನ್ರೇ" ಅನ್ನುವುದು ಮೇಡಂ ಸದಾ ಹೇಳುತ್ತಿದ್ದ ಮಾತು. ನಾವು ದಿನಾ ಕುರ್ಚಿಯಿಂದ ಏಳುವಾಗಲೂ ತಲೆ ಮುಂದಕ್ಕೆ ಬಗ್ಗಿದರೇನೇ ಕುಂಡೆ ಮೇಲೇಳುವುದು, ಗಮನಿಸಿರುವುದಿಲ್ಲ ಅಷ್ಟೇ. ನೆಟ್ಟಗೆ ಕೂತವರನ್ನು ನೆಟ್ಟಗೇ ಎತ್ತಲು ಹೋದರೆ ಇಬ್ಬರ ಸೊಂಟವೂ ಹೋಗುತ್ತದೆ. ಒಂದು, ಎರಡು, ಮೂರು ಅಂತ ಎಣಿಸುವುದನ್ನು ಮೇಡಂ ಅಪ್ಪನಿಗೇ ಬಿಟ್ಟರು. ಅವರು ಮೂರು ಅನ್ನುವವರೆಗೂ ಯಾರೂ ಅಲ್ಲಾಡುವ ಹಾಗಿಲ್ಲ. ಗಡಿಯಾರದ ಚೂರುಗಳನ್ನು ಚಿಮುಟದಲ್ಲಿ ಹಿಡಿದು ಬದುಕಿದ ಮನುಷ್ಯ, ಯಾವ ಕೆಲಸ ಯಾವ ಕ್ಷಣಕ್ಕೆ ಆಗಬೇಕು ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮೂರು ಅಂದು, ಮುಂದಕ್ಕೆ ಬಗ್ಗಿ, ಬಲಗೈಯಿಂದ ಕುರ್ಚಿಯ ಆಚೆ ಕೈ ಹಿಡಿದುಕೊಂಡು, ತಿರುಗಿ ಕೂತರು. ಹಿಡಿದವರು ಸೊಂಟ ತಿರುಚದೆ ಪಾದ ಹೆಜ್ಜೆಹೆಜ್ಜೆಯಾಗಿ ಸರಿಸುತ್ತಾ ತಿರುಗಬೇಕು.

ಹಗಲಿನ ಕೆಲಸ ಇದಾದರೆ ರಾತ್ರಿಯದ್ದು ಬೇರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ತಾನಾಗಿ ಹೊರಳಲಾಗದವರ ಮೈಯಲ್ಲಿ ಮೂಳೆ ಇರುವ ಕಡೆಯೆಲ್ಲ, ಅಂದರೆ ಬೆನ್ನ ಬುಡ, ಸೊಂಟದ ಮೂಳೆ, ಹಿಮ್ಮಡಿ, ಮೊಣಕೈಯಲ್ಲಿ ರಕ್ತ ಓಡಾಡದೆ ಚರ್ಮ ಸಾಯತೊಡಗುತ್ತದೆ. ಹಾಸಿಗೆ ಹುಣ್ಣು ಅನ್ನುವುದು ಹೊರಗೆ ಕಾಣುವಷ್ಟರಲ್ಲಿ ಎಷ್ಟೋ ಸಲ ಒಳಗೆ ಆಳಕ್ಕೆ ಹೋಗಿರುತ್ತದೆ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡು ಮತ್ತೆ ಕೆಂಪಾಗಬೇಕು; ಬಿಳಿಚಲೇ ಇಲ್ಲ ಅಂದರೆ ಹುಣ್ಣು ಶುರು ಅಂತ ಲೆಕ್ಕ. ನಮ್ಮಂಥ ಕಪ್ಪು ಮೈಯವರಲ್ಲಿ ಕೆಂಪು ಬೇಗ ಕಾಣುವುದೂ ಇಲ್ಲ. ಕೈಯಿಂದ ಮುಟ್ಟಿ, ಬಿಸಿಯಾಗಿದೆಯೋ ಗಟ್ಟಿಯಾಗಿದೆಯೋ ನೋಡಬೇಕು. ಸ್ನಾನ ಮಾಡಿಸುವಾಗ ಅಮ್ಮ ದಿನಾ ಬೆನ್ನಿನ ಮೇಲೆ ಅಂಗೈ ಆಡಿಸಿ ಇದನ್ನು ನೋಡುತ್ತಿದ್ದರು.

ಹೊರಳಿಸಲು ಏರ್‌ಬೆಡ್‌ಗಿಂತ ಹೆಚ್ಚು ನೆರವಿಗೆ ಬಂದದ್ದು ಅಮ್ಮನ ಹಳೆಯ ಕಾಟನ್ ಸೀರೆ. ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಬರುವಂತೆ ಅಪ್ಪನ ಅಡಿಗೆ ಹಾಸಿರುತ್ತಿದ್ದೆವು. ಎರಡು ಕಡೆ ಇಬ್ಬರು ನಿಂತು, ಸೀರೆಯ ಅಂಚನ್ನು ಮೈಗೆ ಹತ್ತಿರವಾಗುವ ತನಕ ಸುತ್ತಿ ಹಿಡಿದು, ಮಂಡಿ ಸ್ವಲ್ಪ ಬಗ್ಗಿಸಿ, ಒಟ್ಟಿಗೇ ಸರಿಸಿದರೆ ದಿಂಬಿನ ಕಡೆಗೆ ಸಲೀಸಾಗಿ ಬರುತ್ತಿದ್ದರು. ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದರೆ ಬೆನ್ನಿನ ಚರ್ಮ ಹಾಸಿಗೆಗೆ ಉಜ್ಜಿಕೊಂಡು ಸುಲಿಯುತ್ತದೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ. ಅದಕ್ಕೆ ಬೆನ್ನಿಗೆ ದಿಂಬು ಕೊಟ್ಟು ಸುಮಾರು ಮೂವತ್ತು ಡಿಗ್ರಿ ಮಾತ್ರ ಓರೆ. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೊಂದು, ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ. ರಾತ್ರಿ ಎಷ್ಟೊತ್ತಿಗೆ ಎದ್ದರೂ ಅಪ್ಪ ಎಚ್ಚರವಾಗಿರುತ್ತಿದ್ದರು. ತಮ್ಮ ಹಳೆಯ ಎಚ್‌ಎಂಟಿ ಜನತಾ ವಾಚನ್ನು ದಿಂಬಿನ ಪಕ್ಕ ಇಟ್ಟುಕೊಂಡು "ಎಂಟು ನಿಮಿಷ ಲೇಟು ಕಣಪ್ಪ" ಅನ್ನುತ್ತಿದ್ದರು. ಬೆಳಗ್ಗೆ ನಾನು ವಾಚು ಹಿಡಿದುಕೊಂಡರೆ ಅವರು ಬಲಗೈಯಿಂದ ಕೀ ಕೊಡುತ್ತಿದ್ದರು.

ಆ ಚಳಿಗಾಲದಲ್ಲಿ ಅಮ್ಮನ ಸೊಂಟ ಹಿಡಿದುಕೊಂಡಿತು. ಬೆಳಗಿನ ಜಾವ ಅಪ್ಪನಿಗೆ ಅವಸರವಾದರೆ, ನನಗೆ ಸ್ಕೂಲಿನ ಕೆಲಸ, ಸೊಸೆಗೆ ಅಡುಗೆ, ಎಬ್ಬಿಸುವುದು ಯಾಕೆ ಅಂತ ಒಬ್ಬರೇ ಅವರನ್ನು ಕಮೋಡ್ ಕುರ್ಚಿಗೆ ದಾಟಿಸುತ್ತಿದ್ದರಂತೆ. ನಮಗೆ ಹೇಳಿಯೂ ಇರಲಿಲ್ಲ. ಒಂದು ದಿನ ಬಗ್ಗಿದವರು ಮೇಲೇಳಲಾಗಲಿಲ್ಲ. ಮೇಡಂ ಅವತ್ತು ನಿಜಕ್ಕೂ ಸಿಟ್ಟಾದರು. ಒಬ್ಬರು ಎಷ್ಟು ಭಾರ ಎತ್ತಬಹುದು ಅನ್ನುವುದಕ್ಕೂ ಲೆಕ್ಕವಿದೆ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ನಿಯೋಶ್ ಎಂಬ ಸರ್ಕಾರಿ ಸಂಸ್ಥೆ ಇದೆ. ರೋಗಿಗಳನ್ನು ಎತ್ತುವ ನರ್ಸುಗಳಿಗೆ, ಅದೂ ಅನುಕೂಲವಾದ ಭಂಗಿಯಲ್ಲಿ, 35 ಪೌಂಡಿಗಿಂತ ಹೆಚ್ಚು ಭಾರ ಬೀಳಬಾರದು ಅಂತ ಅಲ್ಲಿನ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿ ಬರೆದರು. 35 ಪೌಂಡ್ ಅಂದರೆ ಸುಮಾರು ಹದಿನಾರು ಕೆ.ಜಿ. ಅದಕ್ಕಿಂತ ಹೆಚ್ಚಾದರೆ ಯಂತ್ರವೋ ಬೇರೆ ಸಲಕರಣೆಯೋ ಬೇಕು. ಬ್ರಿಟನ್ನಿನಲ್ಲಿ ಕೈಯಿಂದ ಭಾರ ಎತ್ತುವ ಕೆಲಸಕ್ಕೆ 1992ರಲ್ಲೇ ನಿಯಮಾವಳಿ ಮಾಡಿದ್ದಾರೆ. ತರಬೇತಿ ಪಡೆದ ನರ್ಸುಗಳಿಗೇ ಈ ಮಿತಿ ಇರುವಾಗ, ಅರವತ್ತು ದಾಟಿದ ನಮ್ಮ ಅಮ್ಮಂದಿರು ಅರವತ್ತು ಕೆ.ಜಿ.ಯ ಗಂಡಂದಿರನ್ನು ಒಬ್ಬರೇ ಎತ್ತುತ್ತಿದ್ದಾರೆ. ಅವರ ಸೊಂಟ, ಬೆನ್ನು ಯಾವ ಲೆಕ್ಕಕ್ಕೂ ಬರುವುದಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ವಿಷಯಕ್ಕೆ.

ಅವತ್ತಿನಿಂದ ಬೆಳಗಿನ ಜಾವದ ಪಾಳಿ ನನ್ನದಾಯಿತು. ಅಪ್ಪ ಮೊದಮೊದಲು "ನೀನು ಬೇಡ, ಅವಳೇ ಬರ್ಲಿ" ಅನ್ನುತ್ತಿದ್ದರು. ಮಗನ ಕೈಯಲ್ಲಿ ತೊಳೆಸಿಕೊಳ್ಳುವುದು ಅವರಿಗೆ ಸಾವಿಗಿಂತ ಕಷ್ಟವಾಗಿತ್ತು ಅನ್ನಿಸುತ್ತದೆ. ಮೈ ಮೇಲೆ ಟವೆಲ್ ಹೊದಿಸಿ, ಏನು ಮಾಡುತ್ತಿದ್ದೇನೆ ಅಂತ ಹೇಳಿ, ಅವರು ಹೂಂ ಅಂದ ಮೇಲೆ ಮುಟ್ಟುತ್ತಿದ್ದೆ. ನಿಧಾನವಾಗಿ ಸರಿಹೋಯಿತು.

2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ ಸುದ್ದಿ ಬಂತು. ಅಪ್ಪ ಗಾಲಿಕುರ್ಚಿಯಲ್ಲಿ ಕೂತು ಪೇಪರು ಓದಿ ಮಡಿಸಿಟ್ಟರು, ಏನೂ ಮಾತಾಡಲಿಲ್ಲ. ಮರು ತಿಂಗಳು, ಫೆಬ್ರವರಿಯಲ್ಲಿ, ನೆಲಮಂಗಲದ ಹತ್ತಿರ ಹೆದ್ದಾರಿಯಲ್ಲಿ ಗುಬ್ಬಿ ತಾಲ್ಲೂಕಿನ ಹುಡುಗ ಹರೀಶ್ ಲಾರಿಗೆ ಸಿಕ್ಕಿ, ದೇಹ ಎರಡು ತುಂಡಾಗಿದ್ದರೂ ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡು ಪ್ರಾಣ ಬಿಟ್ಟ. ನಮ್ಮ ಜಿಲ್ಲೆಯಲ್ಲಿ ಅವತ್ತು ಅದನ್ನು ನೆನೆದು ಅಳದ ಮನೆ ಇರಲಿಲ್ಲ. ಅವನ ಹೆಸರಿನಲ್ಲೇ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತು, ಅಪಘಾತವಾದ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಸಿಗಲಿ ಅಂತ. ಗಾಯಾಳುವಿಗೆ ನೆರವಾದವರನ್ನು ಕಾಪಾಡುವ ಕಾನೂನೂ ರಾಜ್ಯದಲ್ಲಿ ಬಂತು. 108 ಆಂಬುಲೆನ್ಸ್ 2008ರಿಂದಲೇ ಓಡುತ್ತಿದೆ. ಇವೆಲ್ಲ ಇದ್ದರೂ ಬಿದ್ದವರನ್ನು ಮೊದಲು ಮುಟ್ಟುವುದು ಪಕ್ಕದಲ್ಲಿದ್ದವರ ಕೈಗಳೇ. ಆ ಕೈಗಳಿಗೆ ಯಾರೂ ಏನೂ ಕಲಿಸಿರುವುದಿಲ್ಲ.

ಇದನ್ನು ಹೇಳಲು ಕಾರಣವಿದೆ. ಗುಬ್ಬಿ ಕಡೆಯ ನಮ್ಮ ನೆಂಟರ ಹುಡುಗನೊಬ್ಬ ಅಡಿಕೆ ಮರದಿಂದ ಬಿದ್ದಿದ್ದ. ಅಡಿಕೆ, ತೆಂಗು ನಂಬಿದ ಸೀಮೆ ನಮ್ಮದು. ಮರದಿಂದ ಬೀಳುವುದು ಹೊಸದೇನಲ್ಲ. ತೋಟದಲ್ಲಿದ್ದವರು ಓಡಿಬಂದು ಕೈಕಾಲು ಹಿಡಿದು ಎತ್ತಿ, ಟಾಟಾ ಏಸ್ ಗಾಡಿಯಲ್ಲಿ ಒರಗಿಸಿ ಕೂರಿಸಿಕೊಂಡು ಹೋದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ಪರ್ಶವೇ ಹೋಯಿತು. ಬಿದ್ದಾಗಲೇ ಆದದ್ದೋ, ಎತ್ತಿದಾಗ ಆದದ್ದೋ, ಇನ್ನು ಆ ವಿಚಾರ ಕೆದಕಿ ಫಲವಿಲ್ಲ. ಎತ್ತರದಿಂದ ಬಿದ್ದವರ ಬೆನ್ನು, ಕುತ್ತಿಗೆ ಮುರಿದಿರಬಹುದು ಅಂತಲೇ ತಿಳಿಯಬೇಕು. ಜೀವಕ್ಕೆ ಅಲ್ಲೇ ಬೇರೆ ಅಪಾಯ ಇಲ್ಲದಿದ್ದರೆ ಅಲ್ಲಾಡಿಸದೆ, ತಲೆ ಎರಡೂ ಕಡೆ ಕದಲದಂತೆ ಹಿಡಿದು 108ಕ್ಕೆ ಕಾಯಬೇಕು. ಸರಿಸಲೇಬೇಕಾದರೆ ತಲೆ, ಭುಜ, ಸೊಂಟ, ಕಾಲು ಒಂದೇ ಗೆರೆಯಲ್ಲಿರುವ ಹಾಗೆ, ಮರದ ದಿಮ್ಮಿ ಉರುಳಿಸಿದಂತೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ತರಬೇಕು. ಬಾಗಿಲು ಕಳಚಿ ತಂದರೂ ಆದೀತು. ಕೂರಿಸುವುದಂತೂ ಕೂಡದು.

ಆ ಹುಡುಗ ಆಮೇಲೆ ಬೆಂಗಳೂರಿನ ಎಪಿಡಿಯಲ್ಲಿ ತರಬೇತಿ ಪಡೆದು ಬಂದ. ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಅಂತ ಅದರ ಪೂರ್ತಿ ಹೆಸರು. ಸ್ವತಃ ಗಾಲಿಕುರ್ಚಿಯಲ್ಲಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಸಂಸ್ಥೆ. ಅಪ್ಪನನ್ನು ನೋಡಲು ಒಂದು ಭಾನುವಾರ ಓಮ್ನಿಯಲ್ಲಿ ಬಂದ. ನಾವು ಎತ್ತಲು ಮುಂದಾದರೆ "ಬ್ಯಾಡ ಬುಡಣ್ಣ" ಅಂದು ಸೀಟಿನಡಿಯಿಂದ ನಯವಾಗಿ ಉಜ್ಜಿದ ಒಂದು ಹಲಗೆ ತೆಗೆದ. ಒಂದು ತುದಿ ತನ್ನ ತೊಡೆಯ ಕೆಳಗೆ, ಇನ್ನೊಂದು ತುದಿ ಗಾಲಿಕುರ್ಚಿಯ ಮೇಲೆ ಇಟ್ಟು, ಎರಡೂ ಕೈ ಊರಿ, ತಲೆ ಒಂದು ಕಡೆಗೆ ಬಾಗಿಸಿ ಸೊಂಟವನ್ನು ಇನ್ನೊಂದು ಕಡೆಗೆ ಎಸೆದು, ಸ್ವಲ್ಪ ಸ್ವಲ್ಪವೇ ದಾಟಿಕೊಂಡ. ಒಳಗೆ ಬಂದು ಅಪ್ಪನ ಮಂಚಕ್ಕೂ ಹಾಗೇ ದಾಟಿ ಪಕ್ಕದಲ್ಲಿ ಕೂತ. ಮಾತಿನ ನಡುವೆ ಆಗಾಗ ಎರಡು ಕೈ ಊರಿ ಕುಂಡೆ ಎತ್ತಿ ಹಿಡಿಯುತ್ತಿದ್ದ. "ಹುಣ್ಣಾಗಬಾರ್ದಲ್ಲ ದೊಡ್ಡಪ್ಪ, ಅದುಕ್ಕೆ." ಅಪ್ಪ ಹಲಗೆಯನ್ನು ಬಲಗೈಯಲ್ಲಿ ತೆಗೆದುಕೊಂಡು ಅಂಚು ಸವರಿ, ಎಷ್ಟು ದಪ್ಪ, ಯಾವ ಮರ, ಎಲ್ಲ ವಿಚಾರಿಸಿದರು. ಆ ವಾರವೇ ಕುಣಿಗಲ್ ರಸ್ತೆಯ ಬಡಗಿಯ ಹತ್ತಿರ ನಮಗೂ ಒಂದು ಆಯಿತು. ಅಳತೆ ಹೇಳಿದ್ದು ಅಪ್ಪನೇ.

ಆಮೇಲಿನ ವರ್ಷಗಳಲ್ಲಿ ಅಪ್ಪ ನಡೆದಾಡಲಿಲ್ಲ. ಆದರೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ನಾವು ಮೆಟ್ಟಿಲಿಗೆ ಹಾಕಿಸಿದ ಇಳಿಜಾರಿನಲ್ಲಿ ರಸ್ತೆಗೆ ಬರುತ್ತಿದ್ದರು. ಸಂಜೆ ಮರಳೂರು ಕೆರೆ ಕಡೆ ತಳ್ಳಿಕೊಂಡು ಹೋಗುತ್ತಿದ್ದೆ. ಬಚ್ಚಲ ಬಾಗಿಲು ಒಡೆಸಿ ಅಗಲ ಮಾಡಿಸಿದ್ದಕ್ಕೆ ಅಪ್ಪ ಬೇಜಾರು ಮಾಡಿಕೊಂಡರು, ಗೋಡೆ ಹಾಳಾಯಿತು ಅಂತ. 2019ರ ಬೇಸಿಗೆಯಲ್ಲಿ ಹೋದರು. ಕೊನೆಯ ಸ್ನಾನ ಮಾಡಿಸುವಾಗ ಅವರ ಬೆನ್ನಿನ ಮೇಲೆ ಒಂದು ಹುಣ್ಣೂ ಇರಲಿಲ್ಲ. ಅಮ್ಮ ಬಂದವರಿಗೆಲ್ಲ ಹೇಳಿಕೊಂಡಿದ್ದು ಅದೊಂದನ್ನೇ.

ಮನೆಯಲ್ಲಿ ಯಾರಾದರೂ ಮಲಗಿದ್ದರೆ, ಆಸ್ಪತ್ರೆಯಿಂದ ಹೊರಡುವ ಮುಂಚೆ ನರ್ಸನ್ನೋ ಫಿಸಿಯೋವನ್ನೋ ಹಿಡಿದು ಕೂರಿಸಿಕೊಳ್ಳಿ. ಹೊರಳಿಸುವುದು, ಕೂರಿಸುವುದು, ಕುರ್ಚಿಗೆ ದಾಟಿಸುವುದು, ಮೂರನ್ನೂ ಅವರು ಮಾಡಿ ತೋರಿಸಿದರೆ ಸಾಲದು, ಅವರ ಕಣ್ಣೆದುರಿಗೆ ನಿಮ್ಮ ಕೈಯಲ್ಲೇ ಮಾಡಿ ಸರಿ ಅನ್ನಿಸಿಕೊಳ್ಳಿ. ಆ ಹೊತ್ತಿಗೆ ಮನೆಯ ಗಂಡಸರು ಬಿಲ್ ಕಟ್ಟಲು, ಆಟೋ ಕರೆಯಲು ಅಂತ ಹೊರಗೆ ನಿಂತಿರುತ್ತೀರಿ. ದಯವಿಟ್ಟು ಒಳಗೆ ಬನ್ನಿ, ನೀವೂ ಕಲಿಯಿರಿ.